ಟ್ಯೂಬಿನ ಹಿಂದೆ ಏನ್ ಬರ್ದಿದೆ ಸ್ವಾಮಿ?

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಲ್ಲಿ ಯಾರ ಬಾತ್‌ರೂಮಿಗೆ ಹೋದ್ರೂ ಒಂದು ಪುಟ್ಟ ಲ್ಯಾಬ್. ನಿಯಾಸಿನಮೈಡ್, ವಿಟಮಿನ್ ಸಿ ಸೀರಮ್, ಕೇಸರಿ ಕ್ರೀಮು. ಒಂದೊಂದು ಬಾಟಲಿಗೂ ನಮ್ಮೂರಲ್ಲಿ ಒಂದು ದಿನದ ಕೂಲಿಗಿಂತ ಜಾಸ್ತಿ. ಮುಂದೆ ಬರೆದದ್ದು ಎಲ್ಲರಿಗೂ ಬಾಯಿಪಾಠ. ಹಿಂದೆ ಬರೆದದ್ದನ್ನ ಯಾರೂ ಓದಲ್ಲ. ನಾನೂ ಓದ್ತಿರಲಿಲ್ಲ.

ನಮ್ಮಕ್ಕ ಅರಸೀಕೆರೆ ಕಡೆ ಊರಲ್ಲೇ ಇದ್ದಾಳೆ. ಎರಡನೇ ಹೆರಿಗೆ ಆದ್ಮೇಲೆ ಕೆನ್ನೆ ಮೇಲೆ ಬಂಗು ಬಂತು. ಪಕ್ಕದ ಮನೆಯವರ ಹತ್ರ ಇದ್ದ ಟ್ಯೂಬಿನ ಫೋಟೋ ಕಳಿಸಿ, "ಬರೋವಾಗ ಇದನ್ನ ತಗೊಂಡ್ ಬಾರೋ" ಅಂದ್ಲು. ಮನೆ ಹತ್ತಿರದ ಮೆಡಿಕಲ್ ಶಾಪಲ್ಲಿ ಫೋಟೋ ತೋರಿಸಿದೆ. ಅವನು ಚೀಟಿ ಕೇಳಲಿಲ್ಲ, ನಾನು ತಿರುಗಿಸಿ ನೋಡಲಿಲ್ಲ. ಮೂರು ಟ್ಯೂಬ್ ತಂದೆ. ತಿಂಗಳೊಳಗೆ ಅಕ್ಕನ ಮುಖ ಬೆಳ್ಳಗಾಯ್ತು. ಊರಲ್ಲಿ ಇನ್ನೂ ನಾಲ್ಕು ಜನ ನನಗೆ ಆರ್ಡರ್ ಕೊಟ್ರು!

ಆರು ತಿಂಗಳಿಗೆ ಕೆನ್ನೆ ಕೆಂಪಗೆ ಕೆಂಡ. ಬಿಸಿಲಿಗೆ ಹೋದ್ರೆ ಉರಿ, ಗದ್ದದ ಮೇಲೆ ಕೂದಲು. ಹಚ್ಚೋದು ಬಿಟ್ರೆ ಇನ್ನೂ ಜಾಸ್ತಿ. ಹಾಸನದ ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ ಓದಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೇದು ಸ್ಟೀರಾಯ್ಡ್. ಡಾಕ್ಟರು ಬರೆದುಕೊಟ್ರೆ ಕೆಲವು ವಾರ ಮಾತ್ರ ಹಚ್ಚಬೇಕಾದ ಔಷಧಿ ಅದು. ಫೇಸ್ ಕ್ರೀಮ್ ಥರ ದಿನಾ ಬಳಿದುಕೊಂಡರೆ ಚರ್ಮ ತೆಳುವಾಗುತ್ತೆ.

ಅಕ್ಕ ಬಯ್ಯಲಿಲ್ಲ. "ನೀನು ಓದಿರ್ತೀಯ ಅಂದ್ಕೊಂಡಿದ್ದೆ ಕಣೋ" ಅಂದ್ಲು, ಅಷ್ಟೇ.

ಬೇರೆಯವರ ಕೋಡ್‌ನಲ್ಲಿ ಒಂದು ಸಾಲು ತಪ್ಪಿದ್ರೆ ರಿವ್ಯೂನಲ್ಲಿ ಹತ್ತು ಕಾಮೆಂಟ್ ಹಾಕೋ ಬಿ.ಇ. ನಾನು. ಟ್ಯೂಬಿನ ಮೇಲೆ ಆರ್‌ಎಕ್ಸ್ ಗುರುತಿತ್ತು, ಎಚ್ಚರಿಕೆ ಇತ್ತು. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಅಂಗಡಿಯವನು ನಿಯಮ ಮುರಿದ, ಸರಿ. ಗಿರಾಕಿ ಯಾರು?

ಪ್ಯಾಕಿನ ಮುಂಭಾಗ ಜಾಹೀರಾತಿನವರದು, ಹಿಂಭಾಗ ಕಾನೂನಿನದು. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ 1%ಗಿಂತ ಜಾಸ್ತಿ ಇರೋ ಪದಾರ್ಥಗಳನ್ನ ಇಳಿಕೆ ಕ್ರಮದಲ್ಲಿ ಬರೀಬೇಕು. 1% ಅಥವಾ ಅದಕ್ಕಿಂತ ಕಡಿಮೆ ಇರೋದನ್ನ ಕೊನೆಗೆ ಹೇಗೆ ಬೇಕಾದ್ರೂ ಬರೀಬಹುದು. ಈಗ ನಿಮ್ಮ ಕೇಸರಿ ಕ್ರೀಮ್ ತಿರುಗಿಸಿ. ಫೀನಾಕ್ಸಿಎಥನಾಲ್ ಅನ್ನೋ ಹೆಸರು ಹುಡುಕಿ. ಅದು ಕ್ರೀಮು ಕೆಡದಂತೆ ಇಡೋ ಪದಾರ್ಥ, ಹೆದರಬೇಡಿ, ಅದಿಲ್ಲದಿದ್ರೆ ಬಾತ್‌ರೂಮಿನ ಶೆಕೆಗೆ ಬೂಷ್ಟು ಬರುತ್ತೆ. ಅದನ್ನ 1%ಗಿಂತ ಜಾಸ್ತಿ ಹಾಕೋ ಹಾಗಿಲ್ಲ. ಅಂದ್ರೆ ಅದಾದ ಮೇಲೆ ಬರೋದು ಯಾವುದೂ 1% ದಾಟಲ್ಲ. ಕೇಸರಿ ಎಲ್ಲಿದೆ ನೋಡಿ. ಬಹಳಷ್ಟು ಸಲ ಅದರ ಹಿಂದೆ, ಸುಗಂಧದ ಪಕ್ಕದಲ್ಲಿ ಮುದುಡಿಕೊಂಡು ಕೂತಿರುತ್ತೆ. ಮುಂದೆ ಮಾತ್ರ ಹೂವಿನ ದೊಡ್ಡ ಚಿತ್ರ.

"ನಾವು ಆಯುರ್ವೇದಿಕ್ ಮಾತ್ರ ಹಚ್ಚೋದು" ಅನ್ನೋರಿಗೂ ಒಂದು ಮಾತು. ಅಂಥ ಟ್ಯೂಬುಗಳಲ್ಲಿ ಗಿಡಮೂಲಿಕೆಗಳ ಹೆಸರು, ಎಷ್ಟೆಷ್ಟು ಮಿಲಿಗ್ರಾಂ ಅನ್ನೋ ಲೆಕ್ಕ ಎಲ್ಲಾ ಚೆಂದಾಗಿರುತ್ತೆ. ಕೊನೇಲಿ ಎಷ್ಟೋ ಸಲ "ಕ್ರೀಮ್ ಬೇಸ್ ಕ್ಯೂ.ಎಸ್." ಅಂತಿರುತ್ತೆ. ಬೇಕಾದಷ್ಟು ಹಾಕಿದ್ದೀವಿ ಅಂತ ಅರ್ಥ. ಏನು ಹಾಕಿದ್ದೀರಿ? ಅದು ಆ ಎರಡಕ್ಷರಕ್ಕೇ ಗೊತ್ತು. ಟ್ಯೂಬಿನ ಬಹುಪಾಲು ಇರೋದೇ ಅದರೊಳಗೆ.

ಸರಿ, ನಾವು ಇಂಗ್ಲಿಷ್ ಬಲ್ಲವರು, ಕಣ್ಣು ಕಿರಿದು ಮಾಡ್ಕೊಂಡಾದ್ರೂ ಓದ್ತೀವಿ. ಹತ್ತನೇ ಕ್ಲಾಸನ್ನ ಕನ್ನಡದಲ್ಲಿ ಓದಿದ ಅಕ್ಕ ಏನು ಮಾಡ್ಬೇಕು? ಪ್ಯಾಕಿನ ಮೇಲಿನ ತೂಕ, ಬೆಲೆ, ವಿಳಾಸ ಹಿಂದಿ ಇಲ್ಲವೇ ಇಂಗ್ಲಿಷಲ್ಲಿ ಇರಬೇಕು ಅನ್ನುತ್ತೆ 2011ರ ಕೇಂದ್ರದ ನಿಯಮ. ಉಳಿದ ಭಾಷೆ? ಬೇಕಿದ್ರೆ ಹಾಕ್ಕೊಳ್ಳಿ. ಬೇಕು ಅಂತ ಯಾರಿಗನ್ನಿಸುತ್ತೆ? ರಾಜ್ಯದಲ್ಲಿ ತಯಾರಾಗೋ ವಸ್ತುಗಳ ಮೇಲೆ ಕನ್ನಡ ಇರಬೇಕು ಅಂತ ನಮ್ಮ ಸರ್ಕಾರ ಕಾನೂನು ಮಾಡಿದೆ, ಒಳ್ಳೇದೇ. ಆದ್ರೆ ಹಿಮಾಚಲದ ಬದ್ದಿಯಲ್ಲಿ ತಯಾರಾದ ಟ್ಯೂಬಿಗೆ ಅದು ತಟ್ಟಲ್ಲ. ಅಕ್ಕನ ಕೆನ್ನೆ ಇರೋದು ಕರ್ನಾಟಕದಲ್ಲಿ.

ಅಷ್ಟು ಪುಟ್ಟ ಡಬ್ಬಿ ಮೇಲೆ ಜಾಗ ಎಲ್ಲಿ ಅಂತೀರಾ? 2016ರಿಂದ ಸಿಗರೇಟು ಪ್ಯಾಕು, ಬೀಡಿ ಕಟ್ಟಿನ ಮೇಲೆ 85% ಜಾಗದಲ್ಲಿ ಎಚ್ಚರಿಕೆ ಚಿತ್ರ ಹಾಕಿಸಿಲ್ವೇ? ಕ್ರೀಮಿನ ಡಬ್ಬಿ ಬೀಡಿ ಕಟ್ಟಿಗಿಂತ ಚಿಕ್ಕದೇನಲ್ಲ. ನಾನು ಕೇಳ್ತಿರೋದು ಒಂದೇ ಸಾಲು: "ಇದರಲ್ಲಿ ಸ್ಟೀರಾಯ್ಡ್ ಇದೆ, ಡಾಕ್ಟರು ಹೇಳದೆ ಮುಖಕ್ಕೆ ಹಚ್ಚಬೇಡಿ." ಅಕ್ಕ ಓದೋ ಅಕ್ಷರದಲ್ಲಿ.