ಕಾನೂನು ವ್ಯಾಸಂಗಕ್ಕೆ ನಡುಬಾಗಿಲು ಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಕಾನೂನು ಓದಬಯಸುವ ವಿದ್ಯಾರ್ಥಿಯ ಮುಂದೆ ಎರಡು ದಾರಿಗಳಿರುತ್ತವೆ. ನೇರವಾಗಿ ಐದು ವರ್ಷದ ಸಂಯೋಜಿತ ಕಾನೂನು ಕೋರ್ಸಿಗೆ ಸೇರುವುದು ಒಂದು. ಮೂರು ವರ್ಷದ ಪದವಿ ಮುಗಿಸಿ, ಬಳಿಕ ಮೂರು ವರ್ಷದ ಎಲ್‌ಎಲ್‌.ಬಿ. ಓದುವುದು ಇನ್ನೊಂದು. ಮೊದಲನೆಯದರಲ್ಲಿ ಒಂದು ವರ್ಷ ಉಳಿಯುತ್ತದೆ. ಆ ಉಳಿತಾಯದ ಬೆಲೆಯೇನು, ಅದನ್ನು ತೆರುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಶಿಕ್ಷಣ ವ್ಯವಸ್ಥೆ ಇನ್ನೂ ಉತ್ತರ ಹುಡುಕಿಲ್ಲ.

ಐದು ವರ್ಷದ ಕೋರ್ಸು ಪ್ರತಿಷ್ಠೆ ಗಳಿಸಿದ್ದು ಬೆಂಗಳೂರಿನಲ್ಲೇ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಪದವಿಯ ನಂತರ ಬೇರೇನೂ ಸಿಗದವರು ಹಿಡಿಯುವ ದಾರಿ ಎಂಬ ಹೆಸರು ಕಾನೂನು ವ್ಯಾಸಂಗಕ್ಕೆ ಅಂಟಿಕೊಂಡಿದ್ದ ಕಾಲವದು. ಆ ಚಿತ್ರ ಬದಲಾಯಿತು. ನಾಗರಬಾವಿಯ ಮಾದರಿಯಲ್ಲಿ ದೇಶದ ಉದ್ದಗಲಕ್ಕೂ ಕಾನೂನು ಶಾಲೆಗಳು ಹುಟ್ಟಿಕೊಂಡವು. ಅದೇ ಸಂಸ್ಥೆ 2022ರಲ್ಲಿ ಪದವೀಧರರಿಗಾಗಿ ಮೂರು ವರ್ಷದ ಎಲ್‌ಎಲ್‌.ಬಿ. ಆರಂಭಿಸಿತೆಂಬುದೂ ಗಮನಾರ್ಹ. ಹದಿನೆಂಟರ ಹರೆಯದಲ್ಲಿ ಎಲ್ಲರೂ ತಮ್ಮ ದಾರಿಯನ್ನು ನಿರ್ಧರಿಸಿರುವುದಿಲ್ಲ ಎಂಬುದನ್ನು ಇದು ಒಪ್ಪಿಕೊಂಡಂತಾಯಿತು.

ನಾನು ವಾಸಿಸುವ ಪಟ್ಟಂದೂರು ಅಗ್ರಹಾರದಲ್ಲಿ ಕಾನೂನು ಬಲ್ಲವರ ಅಗತ್ಯ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲದ ಹೊಲಗಳ ಮೇಲೆ ಟೆಕ್ ಪಾರ್ಕ್ ಎದ್ದಿದೆ. ಪಹಣಿ, ಖಾತೆ, ಭೂಪರಿವರ್ತನೆ, ಪಾಲು ವಿಭಾಗಗಳ ತಕರಾರು ಇಲ್ಲದ ಹಳೆಯ ಮನೆಗಳು ವಿರಳ. ಊರಿನ ಕೆರೆಯ ಜಾಗದ ಒಡೆತನವೂ ನ್ಯಾಯಾಲಯದ ಮೆಟ್ಟಿಲೇರಿದೆ. ಗಾಜಿನ ಕಟ್ಟಡಗಳನ್ನು ಕಾಯುವ, ಗುಡಿಸುವ ಗುತ್ತಿಗೆ ಕಾರ್ಮಿಕರಿಗೆ ಭವಿಷ್ಯನಿಧಿಯ ಲೆಕ್ಕ ಕೇಳಿಕೊಡುವವರು ಬೇಕು. ಈ ಮನೆಗಳ ಮಕ್ಕಳೇ ವಕೀಲರಾದರೆ ಅದಕ್ಕಿಂತ ಒಳ್ಳೆಯದೇನಿದೆ? 2023ರಿಂದ ಇಲ್ಲಿ ಮೆಟ್ರೊ ಹತ್ತಿದವರು ನೇರಳೆ ಮಾರ್ಗದಲ್ಲಿ ರೈಲು ಬದಲಿಸದೆ ಜ್ಞಾನಭಾರತಿಯಲ್ಲಿ ಇಳಿಯಬಹುದು. ಕಾನೂನು ಶಾಲೆ ಅಲ್ಲಿಂದ ದೂರವಿಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ದಾರಿ ಇಷ್ಟು ಹತ್ತಿರವಾಗಿದ್ದರೂ ಅಡ್ಡಿ ಇರುವುದು ನಿಯಮದಲ್ಲಿ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ 13ನೇ ನಿಯಮವು ಸಂಯೋಜಿತ ಕೋರ್ಸಿನ ನಡುವೆ ಪದವಿ ಪಡೆದು ಹೊರಬರುವುದನ್ನು ನಿಷೇಧಿಸುತ್ತದೆ. ಪದವೀಧರರೆಂಬ ಆಧಾರದ ಮೇಲೆ ನಡುವೆ ಒಳಬರುವುದನ್ನೂ ನಿಷೇಧಿಸುತ್ತದೆ. ಇದರ ಪರಿಣಾಮವನ್ನು ಯೋಚಿಸಿ. ಮೂರು ವರ್ಷ ಓದಿದ ವಿದ್ಯಾರ್ಥಿನಿಯೊಬ್ಬಳು ತಂದೆಯ ಅನಾರೋಗ್ಯದಿಂದಲೋ ಶುಲ್ಕ ಹೊಂದಿಸಲಾಗದೆಯೋ ಕಾಲೇಜು ಬಿಟ್ಟರೆ ಅವಳ ಕೈಯಲ್ಲಿ ಉಳಿಯುವುದು ಪಿಯುಸಿ ಅಂಕಪಟ್ಟಿ ಮಾತ್ರ. ಅಷ್ಟೇ ವರ್ಷ ಬಿ.ಎ. ಓದಿದ ಅವಳ ಗೆಳತಿ ಪದವೀಧರೆ; ಪದವಿ ಕೇಳುವ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಬಲ್ಲಳು. ಒಂದು ವರ್ಷ ಉಳಿಸಹೊರಟವಳು ಮೂರು ವರ್ಷ ಕಳೆದುಕೊಳ್ಳುತ್ತಾಳೆ. ಉಳ್ಳವರ ಮಕ್ಕಳಿಗೆ ಇದು ಅಪಾಯವೇ ಅಲ್ಲ. ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮನೆಗಳು ಮಾತ್ರ ಇದಕ್ಕೆ ಹೆದರಿ ಆರು ವರ್ಷದ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಅಮೆರಿಕದಲ್ಲಿ ಕಾನೂನು ಓದಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ, ಆನಂತರ ಮೂರು ವರ್ಷ ಬೇಕು. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಕಾನೂನು ಶಾಲೆಯ ಮೊದಲ ವರ್ಷವನ್ನೇ ಪದವಿಯ ಕೊನೆಯ ವರ್ಷವೆಂದು ಪರಿಗಣಿಸಿ ಏಳನ್ನು ಆರಕ್ಕೆ ಇಳಿಸಿವೆ. ಆ ಏರ್ಪಾಡಿನಲ್ಲಿ ಓದಿದ ವರ್ಷ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರ ನವೆಂಬರಿನಲ್ಲಿ ಸಾಮಾನ್ಯ ಪದವಿಯನ್ನು ಬೇಗ ಮುಗಿಸುವ ಅವಕಾಶಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಎರಡೂವರೆ ವರ್ಷದಲ್ಲಿ ಪದವಿ ಮುಗಿಸಿದವನು ಎಲ್‌ಎಲ್‌.ಬಿ. ಪ್ರವೇಶಕ್ಕೆ ಮುಂದಿನ ಶೈಕ್ಷಣಿಕ ವರ್ಷದವರೆಗೆ ಕಾದು ಕುಳಿತರೆ ಉಳಿಸಿದ್ದೇನು?

ಕಾನೂನಿನ ಓದನ್ನೇ ಕಿರಿದುಗೊಳಿಸಬೇಕೆಂದು ನಾನು ವಾದಿಸುತ್ತಿಲ್ಲ. ಪಿಯುಸಿ ಬಳಿಕ ಮೂರೇ ವರ್ಷದ ಕಾನೂನು ಕೋರ್ಸು ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಪುರಸ್ಕರಿಸದಿದ್ದುದು ಸರಿಯಾಗಿಯೇ ಇದೆ. ಸಿವಿಲ್ ನ್ಯಾಯಾಧೀಶರಾಗಲು ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕೆಂದು ಅದೇ ನ್ಯಾಯಾಲಯ 2025ರ ಮೇ 20ರಂದು ತೀರ್ಪಿತ್ತಿದ್ದರ ಹಿಂದೆಯೂ ಅನುಭವ ಮಾಗಬೇಕೆಂಬ ಕಾಳಜಿಯಿದೆ. ಆದರೆ ಕಾಯುವ ವರ್ಷಗಳು ಹೆಚ್ಚಿದಷ್ಟೂ, ಅದಕ್ಕೆ ಮೊದಲು ವ್ಯರ್ಥವಾಗುವ ವರ್ಷ ಬಡ ಮನೆಗಳಿಗೆ ಹೆಚ್ಚು ಭಾರವಾಗುತ್ತದೆ.

ಆದ್ದರಿಂದ ಆಗಬೇಕಾದದ್ದು ಎರಡು. ಸಂಯೋಜಿತ ಕೋರ್ಸಿನಲ್ಲಿ ಮೂರು ವರ್ಷ ಪೂರೈಸಿ, ನಿಗದಿತ ವಿಷಯಗಳಲ್ಲಿ ತೇರ್ಗಡೆಯಾದವರು ಬಿಡುವುದು ಅನಿವಾರ್ಯವಾದರೆ ಅವರಿಗೆ ಸಾಮಾನ್ಯ ಪದವಿ ಸಿಗಬೇಕು. ಬಿ.ಎ., ಬಿ.ಕಾಂ.ನ ಎರಡು ವರ್ಷ ಮುಗಿಸಿದವರಿಗೆ, ತಪ್ಪಿಹೋದ ಕಾನೂನು ವಿಷಯಗಳನ್ನು ಪೂರಕ ತರಗತಿಗಳಲ್ಲಿ ಓದಿ ಪರೀಕ್ಷೆ ಬರೆದ ಮೇಲೆ, ಮೂರನೇ ವರ್ಷಕ್ಕೆ ಪ್ರವೇಶ ಕೊಡಬೇಕು. ಇಪ್ಪತ್ತರಲ್ಲಿ ಕಾನೂನಿನತ್ತ ಮನಸ್ಸು ಮಾಡಿದವರಿಗೂ ಆಗ ಐದೇ ವರ್ಷ ಸಾಕಾಗುತ್ತದೆ.

ನಡುವೆ ಪದವಿ ಸಿಗುವುದಾದರೆ ಹಲವರು ಅರ್ಧಕ್ಕೇ ಬಿಟ್ಟು ಸೀಟು ಹಾಳು ಮಾಡುತ್ತಾರೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಇಂಥವರು ಕೆಲವರಾದರೂ ಇದ್ದಾರು. ಆದರೆ ಹಾಗೆ ತೆರವಾದ ಸೀಟುಗಳಿಗೆ ಪದವಿ ಕಾಲೇಜುಗಳಿಂದ ಬಂದವರು ಸೇರಿಕೊಳ್ಳಬಲ್ಲರು. ಇಂದಿನ ನಿಯಮದಲ್ಲಿ ಸೀಟೂ ಖಾಲಿ, ವಿದ್ಯಾರ್ಥಿಯ ಕೈಯೂ ಖಾಲಿ.

13ನೇ ನಿಯಮವನ್ನು ತಿದ್ದುವ ಅಧಿಕಾರ ವಕೀಲರ ಪರಿಷತ್ತಿನದು. ಅದನ್ನು ಕೇಳುವ ಹೊಣೆ ರಾಜ್ಯ ಸರ್ಕಾರದ್ದು ಮತ್ತು ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದು. ಐದು ವರ್ಷದ ಕಾನೂನು ಪದವಿಗೆ ದೇಶದಲ್ಲಿ ಮನ್ನಣೆ ತಂದುಕೊಟ್ಟ ರಾಜ್ಯವೇ ಈ ತಿದ್ದುಪಡಿಯನ್ನು ಮೊದಲು ಕೇಳುವುದು ಉಚಿತ.