ಅಟ್ಟದ ಮೇಲಿನ ವಿಮಾನಕ್ಕೆ ಕರೆಂಟು

2023ನೆಯ ಇಸವಿ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಒಂದು ವಿಮಾನ ಬಿದ್ದಿತು. ನೋಡಲು ಜನ ನೆರೆದರು. ಆ ವಿಮಾನದೊಳಗೆ ಚಾಲಕನಿರಲಿಲ್ಲ; ಚಾಲಕ ಕೂರುವ ಪೀಠವೂ ಇರಲಿಲ್ಲ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ ‘ತಪಸ್’ ಅದು. ಅದನ್ನು ಹಾರಿಸುತ್ತಿದ್ದವರು ನೆಲದ ಮೇಲೆ, ಕೊಠಡಿಯೊಂದರಲ್ಲಿ, ಯಂತ್ರಗಳ ಮುಂದೆ ಕುಳಿತಿದ್ದರು.

ನೆಲದ ಮೇಲೆ ಕುಳಿತು ಹಾರುವ ವಿದ್ಯೆ ಹೊಸದೇನಲ್ಲ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ, ಆ ವಾದ್ಯದ ತಿದಿಗಳನ್ನೇ ಬಳಸಿ, ಪೀಠದ ಮೇಲೆ ಓಲಾಡುವ ಮರದ ವಿಮಾನವೊಂದನ್ನು ಕಟ್ಟಿದ. ಇಂದು ಆ ಕೆಲಸ ಮನೆಗಳ ಒಳಗೂ ಬಂದಿದೆ. ಪ್ಲೈವುಡ್ ಹಲಗೆ, ಒಂದು ಹಳೆಯ ಕಾರಿನ ಸೀಟು, ಗಣಕಯಂತ್ರದ ಪರದೆ, ನೂರಾರು ಸ್ವಿಚ್ಚು ಮತ್ತು ದೀಪ. ಇಷ್ಟಿದ್ದರೆ ಉತ್ಸಾಹಿ ತರುಣನು ಅಟ್ಟದ ಮೇಲೆಯೇ ಬೋಯಿಂಗ್ ವಿಮಾನದ ಚಾಲಕಕೋಣೆಯನ್ನು ನಿರ್ಮಿಸಿಕೊಳ್ಳುತ್ತಾನೆ. ಹಲಗೆಯನ್ನು ತಪ್ಪಾಗಿ ಕೊಯ್ದರೆ ಹಾಳಾಗುವುದು ಹಲಗೆಯೊಂದೇ. ತಂತಿಯನ್ನು ತಪ್ಪಾಗಿ ಎಳೆದರೆ ನಡುರಾತ್ರಿ ಮನೆ ಹೊತ್ತಿಕೊಳ್ಳಬಹುದು. ಆದಕಾರಣ ಈ ಭಾಗವನ್ನು ಮನೆಯ ಹಿರಿಯರೂ ಒಂದಿಷ್ಟು ಅರಿತಿರುವುದು ಲೇಸು.

ಇಂಥ ಕೋಣೆಯಲ್ಲಿ ಚಿಕ್ಕ ದೀಪಗಳಿಗೆ 5 ವೋಲ್ಟ್ ಬೇಕು, ಮೋಟಾರುಗಳಿಗೆ 12 ವೋಲ್ಟ್ ಬೇಕು. ಗುಜರಿಯಿಂದ ತಂದ ನಿಜವಾದ ವಿಮಾನದ ಉಪಕರಣವೇನಾದರೂ ಇದ್ದರೆ ಅದಕ್ಕೆ 28 ವೋಲ್ಟ್. ಗೋಡೆಯಿಂದ ಬರುವುದೋ 230. ಆರಂಭದಲ್ಲಿ ಎಲ್ಲರೂ ಮಾಡುವುದೊಂದೇ: ಬೇಕಾದಾಗಲೆಲ್ಲ ಒಂದೊಂದು ಅಡಾಪ್ಟರ್ ಕೊಂಡು, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಗಿಡಿಯುವುದು. ಕೊನೆಗೆ ಸೀಟಿನ ಕೆಳಗೆ ಜೇಡರ ಬಲೆಯಂಥ ಗೋಜಲು. ಯಾವ ತಂತಿ ಎಲ್ಲಿಗೆ ಹೋಯಿತೆಂಬುದು ಎಳೆದವನಿಗೂ ತಿಳಿಯದು.

ಹೊಳಲ್ಕೆರೆಯ ಅಡಿಕೆ ತೋಟದವರಿಗೂ ಹೊಸದುರ್ಗದ ತೆಂಗಿನ ತೋಟದವರಿಗೂ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ಬಲು ದೂರದಲ್ಲಿರುವ ಕೊಳವೆ ಬಾವಿಗೆ ವೋಲ್ಟೇಜು ಸಾಲದು. ಮೋಟಾರು ಗೊರಗುಟ್ಟಿ, ಬಿಸಿಯೇರಿ, ಕಡೆಗೆ ರಿವೈಂಡಿಂಗ್‌ಗೆ ಹೋಗುತ್ತದೆ. ದಾರಿಯುದ್ದಕ್ಕೂ ತಂತಿಯೇ ವೋಲ್ಟೇಜನ್ನು ತಿಂದುಹಾಕುವುದು ಇದಕ್ಕೆ ಕಾರಣ. ಅಟ್ಟದ ವಿಮಾನದಲ್ಲಿ ದೂರ ಬರಿಯ ಮೂರು ಮೀಟರಾದರೂ ಇದೇ ಕಥೆ. ಸೀಟಿನ ಕೆಳಗಿನಿಂದ ತಲೆಯ ಮೇಲಿನ ದೀಪದ ಹಲಗೆಗೆ ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ವೋಲ್ಟಿನ 10 ಆಂಪಿಯರ್ ಕಳುಹಿಸಿದರೆ, ಹೋಗುವ ಬರುವ ಆರು ಮೀಟರಿನಲ್ಲಿ ಸುಮಾರು ಒಂದು ವೋಲ್ಟ್ ಕರಗಿಹೋಗುತ್ತದೆ. ಐದರಲ್ಲಿ ಒಂದು! ದೀಪಗಳು ಮಂಕಾಗುವುದಿರಲಿ, ಸ್ವಿಚ್ಚುಗಳನ್ನು ಓದುವ ಚಿಕ್ಕ ಬೋರ್ಡು ತತ್ತರಿಸಿ, ಯಾರೂ ಮುಟ್ಟದಿದ್ದರೂ ವಿಮಾನದ ಚಕ್ರ ಕೆಳಗಿಳಿಯಿತೆಂದು ಗಣಕಯಂತ್ರಕ್ಕೆ ಸುಳ್ಳು ಹೇಳುತ್ತದೆ. ಬಡಪಾಯಿ ತರುಣ ವಾರಗಟ್ಟಲೆ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾನೆ.

ಉಪಾಯ ಹಳೆಯದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರು ವಿದ್ಯುತ್ತನ್ನು ಒಯ್ದಾಗ ಅಧಿಕ ವೋಲ್ಟೇಜಿನಲ್ಲಿ ಸಾಗಿಸಿ, ಗಣಿಯ ಬಳಿ ಇಳಿಸಿಕೊಂಡರು. ಹಾಗೆಯೇ 12 ವೋಲ್ಟನ್ನೇ ಮೇಲಿನ ಹಲಗೆಯವರೆಗೆ ಒಯ್ದು, ಅಲ್ಲಿ ಅಂಗೈಯಗಲದ ಪರಿವರ್ತಕವೊಂದರಿಂದ ಐದಕ್ಕೆ ಇಳಿಸಬೇಕು. ಆಗ ಅದೇ ತಂತಿಯಲ್ಲಿ ಹರಿಯುವುದು 5 ಆಂಪಿಯರಿಗೂ ಕಡಿಮೆ. ದಾರಿಯಲ್ಲಿ ಅರ್ಧ ವೋಲ್ಟ್ ಹೋದರೂ ದೀಪಕ್ಕೆ ಪೂರ್ತಿ ಐದು ದೊರೆಯುತ್ತದೆ.

ಇನ್ನು ಫ್ಯೂಸಿನ ಮಾತು. ಹನ್ನೆರಡು ವೋಲ್ಟ್ ಮುಟ್ಟಿದರೆ ಏನೂ ಆಗದು, ಫ್ಯೂಸು ಏತಕ್ಕೆ ಎನ್ನುವವರುಂಟು. ಮುಟ್ಟಿದವನಿಗೆ ಏನೂ ಆಗದೆಂಬುದು ದಿಟ, ತಂತಿಗೆ ಆಗುತ್ತದೆ. 400 ವ್ಯಾಟಿನ ಪೆಟ್ಟಿಗೆ 12 ವೋಲ್ಟಿನಲ್ಲಿ ಮೂವತ್ತು ಆಂಪಿಯರಿಗೂ ಹೆಚ್ಚು ಕೊಡಬಲ್ಲುದು. ಎಲ್ಲಿಯೋ ಎರಡು ತಂತಿ ತಾಕಿದರೆ, ದೀಪದ ಎಳೆತಂತಿ ಕೆಂಪಗೆ ಕಾದು ಹಲಗೆಯ ಹಿಂಬದಿಯಲ್ಲಿ ಕಾಣದಂತೆ ಹೊತ್ತಿಕೊಳ್ಳುತ್ತದೆ. ಫ್ಯೂಸು ಕಾಯುವುದು ದೀಪವನ್ನಲ್ಲ, ತಂತಿಯನ್ನು. ಆದ್ದರಿಂದ ಪೆಟ್ಟಿಗೆಯ ಬಾಯಲ್ಲೇ ಒಂದು ದೊಡ್ಡ ಫ್ಯೂಸನ್ನಿಟ್ಟು ನಿಶ್ಚಿಂತರಾಗುವುದು ಸಲ್ಲದು. ಕವಲಿಗೊಂದು ಫ್ಯೂಸು ಬೇಕು: ಒಂದು ಚದರ ಮಿಲಿಮೀಟರಿನ ತಂತಿಗೆ 7.5 ಆಂಪಿಯರಿನದು, ಎಳೆತಂತಿಗೆ ಎರಡರದು. ದುರ್ಗದ ಕೋಟೆಗೆ ಏಳು ಸುತ್ತು ಗೋಡೆಯಿದ್ದರೂ ಹೈದರಾಲಿಯ ಸೈನಿಕರು ನುಸುಳಿದುದು ಒಂದು ಕಿಂಡಿಯಿಂದ; ಅಲ್ಲಿ ಓಬವ್ವ ನಿಂತಿದ್ದಳು. ಮೋಟಾರು ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಫ್ಯೂಸಿನ ಪೆಟ್ಟಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಬೇರೆ ಬೇರೆ ಪೆಟ್ಟಿಗೆಗಳಿದ್ದರೆ ಅವುಗಳ ಋಣ ತಂತಿಗಳೆಲ್ಲ ಒಂದೇ ಕಡೆ ಕೂಡಬೇಕು. ಮೋಟಾರಿನ ಮರಳುತಂತಿ ಮಾಪಕಗಳ ದಾರಿಯನ್ನು ತುಳಿಯಬಾರದು. ರಿಲೇ ಸುರುಳಿಗೊಂದು ಡಯೋಡು ಅಡ್ಡಹಾಕಬೇಕು. ಇಷ್ಟನ್ನು ಮರೆಯದಿದ್ದರೆ ಉಳಿದುದು ಕೈಯ ಅಚ್ಚುಕಟ್ಟು.

ಆದರೆ 230 ವೋಲ್ಟಿನ ಭಾಗದಲ್ಲಿ ಹವ್ಯಾಸಿಯ ಕೈ ಬೇಡ. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಬರಲಿ. ಪೆಟ್ಟಿಗೆಯ ಲೋಹದ ಮೈ, ಸೀಟಿನ ಕಬ್ಬಿಣದ ಹಳಿ ಎಲ್ಲವೂ ಅರ್ತಿಗೆ ಸೇರಬೇಕು. ಚಿತ್ರದುರ್ಗದ ಸೀಮೆಯಲ್ಲಿ ಇದಕ್ಕೊಂದು ವಿಶೇಷ ತೊಡಕುಂಟು: ನೆಲ ಬಂಡೆ, ಮಳೆ ಕಡಿಮೆ. ಒಣಗಿದ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಳಗೊಳ್ಳದು. ಇದ್ದಿಲು ಉಪ್ಪು ತುಂಬಿದ ಅರ್ತಿಂಗ್ ಗುಂಡಿಗೆ ಬೇಸಗೆಯಲ್ಲಿ ನಾಲ್ಕು ಕೊಡ ನೀರು ಹುಯ್ಯುವ ಹಿರಿಯರ ರೂಢಿ ಮೂಢನಂಬಿಕೆಯಲ್ಲ. ಅದರ ಜೊತೆಗೆ, 30 ಮಿಲಿ ಆಂಪಿಯರ್ ಸೋರಿದೊಡನೆ ಕಡಿದುಹಾಕುವ ಆರ್‌ಸಿಸಿಬಿ ಎಂಬ ಸ್ವಿಚ್ಚೂ ಇರತಕ್ಕದ್ದು.

ಮೊದಲ ದಿನ ಕವಲುಗಳನ್ನು ಒಂದೊಂದಾಗಿ ಹಾಕಿ, ಮೀಟರಿನಿಂದ ಅಳೆದು, ಅರ್ಧ ಗಂಟೆಯ ಅನಂತರ 12 ವೋಲ್ಟಿನ ತಂತಿಯ ಹೊದಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಬಿಸಿಯೆನಿಸಿದರೆ ತಂತಿ ತೆಳುವಾಯಿತೆಂದೇ ಅರ್ಥ. ಮುಖ್ಯ ಸ್ವಿಚ್ಚು ಮಾತ್ರ ಚಾಲಕಕೋಣೆಯ ಒಳಗಿರದೆ, ಅಟ್ಟದ ಬಾಗಿಲ ಬಳಿ, ತಾಯಿಯ ಕೈಗೂ ಅಜ್ಜಿಯ ಕೈಗೂ ಎಟಕುವಲ್ಲಿರಲಿ. ಹಾರುತ್ತಿರುವವನಿಗೆ ಸುಟ್ಟ ವಾಸನೆ ಬರುವುದು ಕಡೆಗೆ.