ಮುಚ್ಚಿದ ಕೋಣೆಯ ಸೂರ್ಯ



ಕಾಳುಮೆಣಸಿನ ಬಳ್ಳಿಯನ್ನು ಸಸಿಮಡಿಯಲ್ಲಿ ಊರಿದೊಡನೆ ನಾವು ಮಾಡುವ ಮೊದಲ ಕೆಲಸ ಮೇಲೊಂದು ಸೊಪ್ಪಿನ ಚಪ್ಪರ ಹಾಕುವುದು. ಎಳೆಯ ಅಡಕೆ ಸಸಿಗೆ ಸಂಜೆಯ ಚುರುಕು ಬಿಸಿಲು ತಾಗದಂತೆ ಸೋಗೆ ಮುಚ್ಚುವುದೂ ಇದೇ ಕಾರಣಕ್ಕೆ. ಗಿಡಕ್ಕೆ ಬೆಳಕು ಬೇಕು, ಆದರೆ ಹದವಾಗಿ ಬೇಕು ಎಂಬುದು ಮಲೆನಾಡಿನ ಕೃಷಿಕರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಈ ಹದವನ್ನು ನಮಗೆ ಮರ, ಮೋಡ, ಮಂಜುಗಳು ಬಿಟ್ಟಿಯಾಗಿ ಕೊಟ್ಟಿವೆ. ಅದೇ ಹದವನ್ನು ಕೋಟ್ಯಂತರ ಯೂನಿಟ್ ವಿದ್ಯುತ್ ಸುರಿದು ಮುಚ್ಚಿದ ಕೋಣೆಯೊಳಗೆ ಕಟ್ಟಲು ಹೊರಟ ಉದ್ಯಮವೊಂದು ಅಮೆರಿಕ ಮತ್ತು ಕೆನಡಾಗಳಲ್ಲಿ ಬೆಳೆದು ನಿಂತಿದೆ. ಅದು ಒಳಾಂಗಣ ಗಾಂಜಾ ಕೃಷಿ.

ವಿಷಯದ ಹೆಸರು ಕೇಳಿ ಕೆಲವರು ಹುಬ್ಬೇರಿಸಬಹುದು. ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯಗಳ ಕಾಯ್ದೆಯಂತೆ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು ಅಪರಾಧ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಅದು ಕಾನೂನಿನ ಒಪ್ಪಿಗೆ ಪಡೆದ ಬೆಳೆ. ಅಮೆರಿಕದ ಹಲವು ರಾಜ್ಯಗಳಲ್ಲಿಯೂ ಹಾಗೆಯೇ. ಆ ಗಿಡದ ಗುಣದೋಷಗಳ ತೀರ್ಪು ಈ ಬರಹದ ಉದ್ದೇಶವಲ್ಲ. ನಮ್ಮ ಪ್ರಶ್ನೆ ಬೇರೆ. ಬಿಸಿಲಿನಲ್ಲಿ ತಾನಾಗಿ ಬೆಳೆಯಬಲ್ಲ ಗಿಡವೊಂದನ್ನು ಕತ್ತಲ ಕೋಣೆಗೆ ಒಯ್ದು, ಅಲ್ಲಿ ಇನ್ನೊಬ್ಬ ಸೂರ್ಯನನ್ನು ತೂಗುಹಾಕಿದರೆ ಅದರ ಬೆಲೆಯನ್ನು ತೆರುವವರು ಯಾರು?

ಈ ಕಥೆ ಆರಂಭವಾಗುವುದೂ ಒಂದು ಗುಡ್ಡನಾಡಿನಲ್ಲಿಯೇ. ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಹಂಬೋಲ್ಟ್ ಎಂಬ ಜಿಲ್ಲೆಯಿದೆ. ಜಗತ್ತಿನಲ್ಲೇ ಅತಿ ಎತ್ತರಕ್ಕೆ ಬೆಳೆಯುವ ರೆಡ್‌ವುಡ್ ಮರಗಳ ನಾಡು ಅದು. ಮಂಜು ಕವಿಯುವ ಕಣಿವೆಗಳು, ಸಾಲ್ಮನ್ ಮೀನು ಸಮುದ್ರದಿಂದ ಏರಿ ಬಂದು ಮೊಟ್ಟೆಯಿಡುವ ತಣ್ಣನೆಯ ಹಳ್ಳಗಳು. ಹಂಬೋಲ್ಟ್ ಮತ್ತು ನೆರೆಯ ಮೆಂಡೊಸಿನೊ, ಟ್ರಿನಿಟಿ ಜಿಲ್ಲೆಗಳ ಕಾಡಿನಂಚಿನಲ್ಲಿ ದಶಕಗಳ ಕಾಲ ಗಾಂಜಾ ಕದ್ದುಮುಚ್ಚಿ ಬೆಳೆಯುತ್ತಿತ್ತು. 1983ರಲ್ಲಿ ಸರ್ಕಾರ ಹೆಲಿಕಾಪ್ಟರ್‌ಗಳಲ್ಲಿ ಹಾರಿ ಗಿಡಗಳನ್ನು ಹುಡುಕಿ ಕಿತ್ತೊಗೆಯುವ ಅಭಿಯಾನ ಆರಂಭಿಸಿತು. ಆಕಾಶದಿಂದ ಕಣ್ಣು ತಪ್ಪಿಸಲು ಅನೇಕರು ಗಿಡವನ್ನು ಮನೆಯೊಳಗೆ ಒಯ್ದರು. ವಿದ್ಯುತ್ ತಂತಿ ತಲುಪದ ಗುಡ್ಡಗಳಲ್ಲಿ ಡೀಸೆಲ್ ಜನರೇಟರ್‌ಗಳು ಹಗಲಿರುಳು ಗುಡುಗತೊಡಗಿದವು. 2008ರಲ್ಲಿ ಅಂಥದೊಂದು ಬೆಳೆಗಾರಿಕೆಯಿಂದ ಸೋರಿದ ಡೀಸೆಲ್ ಹ್ಯಾಕರ್ ಕ್ರೀಕ್ ಎಂಬ ಹಳ್ಳಕ್ಕೆ ಹರಿಯಿತು. ಪೊಲೀಸರ ಭಯದಿಂದ ಆರಂಭವಾದ ಪದ್ಧತಿ ಭಯ ತೊಲಗಿದ ಮೇಲೂ ಉಳಿದುಕೊಂಡಿತು. ವರ್ಷಕ್ಕೆ ಹಲವು ಕೊಯ್ಲು, ಒಂದೇ ಬಗೆಯ ಹೂವು, ಒಳ್ಳೆಯ ದರ—ಮಾರುಕಟ್ಟೆ ಒಪ್ಪಲು ಇವಿಷ್ಟು ಸಾಕಾದವು.

ಅದೇ ಜಿಲ್ಲೆಯ ಆರ್ಕೇಟಾ ಪಟ್ಟಣದ ಕಥೆ ಇನ್ನೂ ಬೋಧಪ್ರದವಾಗಿದೆ. ಅಲ್ಲಿ ವಾಸದ ಮನೆಗಳೇ ಗಾಂಜಾ ಕೋಣೆಗಳಾಗಿ ಮಾರ್ಪಟ್ಟು, ಬಾಡಿಗೆಗೆ ಮನೆ ಸಿಗದಂತಾಯಿತು. 2012ರ ನವೆಂಬರ್‌ನಲ್ಲಿ ಪಟ್ಟಣದ ಮತದಾರರು ತಾವೇ ಒಂದು ತೆರಿಗೆಯನ್ನು ಅಂಗೀಕರಿಸಿದರು. ಮನೆಯೊಂದಕ್ಕೆ ಗೊತ್ತುಪಡಿಸಿದ ಮೂಲ ಬಳಕೆಯ ಆರು ಪಟ್ಟನ್ನು ಮೀರಿ ವಿದ್ಯುತ್ ಬಳಸಿದರೆ ಶೇ. 45ರಷ್ಟು ತೆರಿಗೆ. ಗಿಡವನ್ನು ಹುಡುಕಿಕೊಂಡು ಯಾರೂ ಮನೆಯೊಳಗೆ ಹೋಗಬೇಕಾಗಲಿಲ್ಲ. ಗೋಡೆಯ ಮೇಲಿನ ಮೀಟರೇ ಸಾಕ್ಷಿ ನುಡಿಯಿತು.

ಆ ಮೀಟರ್ ಅಷ್ಟು ವೇಗವಾಗಿ ಓಡುವುದೇಕೆ? ಇಲ್ಲಿ ವಿದ್ಯಾರ್ಥಿ ಮಿತ್ರರು ತುಸು ಗಮನವಿಟ್ಟು ಓದಬೇಕು.

ಗಿಡಕ್ಕೆ ದಕ್ಕುವ ಬೆಳಕನ್ನು ವಿಜ್ಞಾನಿಗಳು ಬೆಳಕಿನ ಕಣಗಳ ಎಣಿಕೆಯಲ್ಲಿ ಅಳೆಯುತ್ತಾರೆ. ಅದರ ಮಾನ ಮೈಕ್ರೋಮೋಲ್. ಮೋಡವಿಲ್ಲದ ನಡುಮಧ್ಯಾಹ್ನ ಒಂದು ಚದರ ಮೀಟರ್ ನೆಲಕ್ಕೆ ಸೆಕೆಂಡಿಗೆ ಸುಮಾರು 2,000 ಮೈಕ್ರೋಮೋಲ್ ಬೆಳಕು ಬೀಳುತ್ತದೆ. ಗಾಂಜಾ ಕೋಣೆಗಳಲ್ಲಿ ಹೂ ಬಿಡುವ ಕಾಲಕ್ಕೆ ಸಾಮಾನ್ಯವಾಗಿ 600ರಿಂದ 1,000 ಮೈಕ್ರೋಮೋಲ್ ಬೆಳಕನ್ನು ದಿನಕ್ಕೆ 12 ಗಂಟೆ ಕೊಡುತ್ತಾರೆ. ಮೋಡ, ಮುಂಜಾವು, ಮುಸ್ಸಂಜೆ ಯಾವುದೂ ಇಲ್ಲದ ಬೆಳಕು ಅದು. ಹದ ಮೀರಿದರೆ ದೀಪಕ್ಕೆ ಹತ್ತಿರದ ಎಲೆಗಳು ಬಿಳಿಚಿಕೊಂಡು ಒಣಗುತ್ತವೆ. ಚಪ್ಪರ ಹಾರಿಹೋದ ಸಸಿಮಡಿಯಲ್ಲಿ ನಾವು ಕಾಣುವುದೂ ಇದನ್ನೇ.

ಬೆಳಕನ್ನು ತಗ್ಗಿಸಲು ಎರಡು ದಾರಿಗಳಿವೆ. ದೀಪವನ್ನು ಮೇಲಕ್ಕೆತ್ತುವುದು ಒಂದು, ಗುಂಡಿ ತಿರುಗಿಸಿ ಮಂದಗೊಳಿಸುವುದು ಇನ್ನೊಂದು. ಎರಡೂ ಒಂದೇ ಎಂದು ತೋರಿದರೂ ಒಂದೇ ಅಲ್ಲ. ಮೇಲಕ್ಕೆತ್ತಿದಾಗ ಬೆಳಕು ಗೋಡೆಗೆ, ನೆಲಕ್ಕೆ ಚೆದುರುತ್ತದೆ. ಮೀಟರ್ ಮಾತ್ರ ಮೊದಲಿನಷ್ಟೇ ಓಡುತ್ತದೆ. ಮಂದಗೊಳಿಸಿದಾಗ ವಿದ್ಯುತ್ತೂ ಉಳಿಯುತ್ತದೆ, ಬಿಸಿಯೂ ತಗ್ಗುತ್ತದೆ. ಅಷ್ಟೇ ಅಲ್ಲ, ಎಲ್‌ಇಡಿಯಲ್ಲಿ ಹರಿಯುವ ಕರೆಂಟು ಕಡಿಮೆಯಾದಷ್ಟೂ ಪ್ರತಿ ವಾಟ್‌ಗೆ ಅದು ಕೊಡುವ ಬೆಳಕು ತುಸು ಹೆಚ್ಚುತ್ತದೆ. ಬೇಕಾದಷ್ಟೇ ಉರಿಸುವವನಿಗೆ ದೀಪವೇ ಬಹುಮಾನ ಕೊಡುತ್ತದೆ ಎನ್ನಬಹುದು.

'ಎಲ್‌ಇಡಿ ತಣ್ಣನೆಯ ದೀಪವಲ್ಲವೇ, ಅದರಲ್ಲಿ ಬಿಸಿಯ ಪ್ರಶ್ನೆ ಎಲ್ಲಿಂದ ಬಂತು?' ಎಂದು ಕೇಳುವವರಿದ್ದಾರೆ. ನಿಜ, ಹಳೆಯ ಸೋಡಿಯಂ ದೀಪದಂತೆ ಅದು ಶಾಖದ ಕಿರಣಗಳನ್ನು ನೇರವಾಗಿ ಎಲೆಯ ಮೇಲೆ ಎರಚುವುದಿಲ್ಲ. ಆದರೆ ಅದು ನುಂಗಿದ ವಿದ್ಯುತ್ತಿನಲ್ಲಿ ಸುಮಾರು ಅರ್ಧ ಭಾಗ ಮಾತ್ರ ಬೆಳಕಾಗುತ್ತದೆ. ಉಳಿದರ್ಧ ದೀಪದ ಬೆನ್ನಿನಲ್ಲಿರುವ ಅಲ್ಯೂಮಿನಿಯಂ ರೆಕ್ಕೆಗಳ ಮೂಲಕ ಬಿಸಿಯಾಗಿ ಕೋಣೆಗೆ ಇಳಿಯುತ್ತದೆ. ಬೆಳಕಾದ ಭಾಗದಲ್ಲಿಯೂ ಗಿಡ ತನ್ನ ಆಹಾರವಾಗಿ ಕಟ್ಟಿಡುವುದು ನೂರಕ್ಕೆ ಕೆಲವೇ ಪಾಲು. ಮಿಕ್ಕದ್ದು ಎಲೆಯನ್ನು ಕಾಯಿಸುತ್ತದೆ, ಇಲ್ಲವೇ ಎಲೆಯೊಳಗಿನ ನೀರನ್ನು ಆವಿಯಾಗಿಸುತ್ತದೆ. ಆದ್ದರಿಂದ 600 ವಾಟ್‌ನ ದೀಪ ಉರಿಸಿದರೆ ಕೊನೆಗೆ ಹೆಚ್ಚುಕಡಿಮೆ 600 ವಾಟ್ ಬಿಸಿಯೇ ಆ ಕೋಣೆಯಲ್ಲಿ ಉಳಿಯುತ್ತದೆ. ಶಕ್ತಿ ನಾಶವಾಗುವುದಿಲ್ಲ ಎಂದು ಶಾಲೆಯಲ್ಲಿ ಕಲಿತ ನಿಯಮಕ್ಕೆ ಯಾವ ಕಂಪನಿಯ ಜಾಹೀರಾತೂ ವಿನಾಯಿತಿ ಕೊಡಲಾರದು.

ಹತ್ತು ದೀಪಗಳ ಕೋಣೆಯೊಂದನ್ನು ಊಹಿಸೋಣ. ಆರು ಕಿಲೋವಾಟ್ ಬಿಸಿ. ಅದನ್ನು ಹೊರಗೆ ಸಾಗಿಸಲು ಒಂದೂವರೆ ಟನ್ನಿನ ಒಂದು ಎ.ಸಿ. ಸಾಲದು, ಅದರ ಶಕ್ತಿ ಸುಮಾರು ಐದೂಕಾಲು ಕಿಲೋವಾಟ್ ಮಾತ್ರ. ಬಿಸಿಯ ಹಿಂದೆಯೇ ತೇವ ಬರುತ್ತದೆ. ಗಿಡಕ್ಕೆ ಎರೆದ ನೀರಿನ ಬಹುಪಾಲು ಎಲೆಯ ಮೂಲಕ ಗಾಳಿಗೆ ಸೇರುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಆ ತೇವ ನಿಂತರೆ ಹೂವಿಗೆ ಬೂಷ್ಟು ಹಿಡಿಯುತ್ತದೆ. ಆಷಾಢದ ಮಳೆಯಲ್ಲಿ ಕೊಳೆರೋಗಕ್ಕೆ ತೋಟ ಒಪ್ಪಿಸಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗಾಗಿ ತೇವ ಹೀರುವ ಯಂತ್ರವೊಂದು, ಗಾಳಿ ಆಡಿಸುವ ಫ್ಯಾನುಗಳು ಹಲವು. ಅವೂ ವಿದ್ಯುತ್ತನ್ನೇ ಉಣ್ಣುತ್ತವೆ, ಅವೂ ಬಿಸಿಯನ್ನೇ ಕಾರುತ್ತವೆ.

ಲೆಕ್ಕ ನಮ್ಮ ಮನೆಯ ಬಿಲ್ಲಿಗೆ ಹತ್ತಿರ ಬರಲಿ. 600 ವಾಟ್‌ನ ಒಂದು ದೀಪ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 216 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಇಡೀ ಸಂಸಾರಕ್ಕೆ ನಿಗದಿಯಾಗಿರುವ ಗರಿಷ್ಠ ಮಿತಿ 200 ಯೂನಿಟ್. ಒಂದೇ ದೀಪ, ಎ.ಸಿ.ಯ ಖರ್ಚು ಸೇರಿಸದೆಯೇ, ಅದನ್ನು ದಾಟಿತು.

ಇಂಥ ಕೋಣೆಗಳನ್ನು ಸಾವಿರಗಟ್ಟಲೆ ಗುಣಿಸಿದರೆ ಏನಾಗುತ್ತದೆ? ಇವಾನ್ ಮಿಲ್ಸ್ ಎಂಬ ಶಕ್ತಿತಜ್ಞರು 2012ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅಮೆರಿಕದ ಒಟ್ಟು ವಿದ್ಯುತ್ತಿನಲ್ಲಿ ಶೇ. 1ರಷ್ಟನ್ನು, ಅಂದರೆ ವರ್ಷಕ್ಕೆ ಸುಮಾರು 2,000 ಕೋಟಿ ಯೂನಿಟ್‌ಗಳನ್ನು, ಒಳಾಂಗಣ ಗಾಂಜಾ ನುಂಗುತ್ತಿತ್ತು. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರಗಳು—ಒಟ್ಟು 1,035 ಮೆಗಾವಾಟ್—ವರ್ಷವಿಡೀ ಒಂದು ಕ್ಷಣವೂ ನಿಲ್ಲದೆ ತಿರುಗಿದರೂ ಹುಟ್ಟುವುದು ಸುಮಾರು 907 ಕೋಟಿ ಯೂನಿಟ್. ಎರಡು ಶರಾವತಿಗಳು ಸಾಲದು. ಇನ್ನೊಂದು ಅಂಶವನ್ನೂ ಮಿಲ್ಸ್ ತೋರಿಸಿದರು. ಹೊಗೆಯ ಹೊರೆಯಲ್ಲಿ ದೀಪದ ಪಾಲು ಮೂರರಲ್ಲೊಂದು ಮಾತ್ರ. ಗಾಳಿಯಾಡಿಸುವ, ತೇವ ಹೀರುವ, ತಂಪುಗೊಳಿಸುವ ಕೆಲಸಗಳದ್ದು ಹತ್ತಿರಹತ್ತಿರ ಅರ್ಧ. 2021ರಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ, ಒಂದು ಕಿಲೋ ಒಣಗಿದ ಹೂವಿಗೆ 2,283ರಿಂದ 5,184 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆ ವಾತಾವರಣ ಸೇರುತ್ತಿತ್ತು. ಊರಿನ ಹವೆ ಮತ್ತು ವಿದ್ಯುತ್ತಿನ ಮೂಲಕ್ಕೆ ತಕ್ಕಂತೆ ಈ ಅಂಕಿ ಏರಿಳಿಯುತ್ತದೆ.

ಎಲ್‌ಇಡಿ ಬಂದ ಮೇಲೆ ಇದೆಲ್ಲ ಬದಲಾಗಲಿಲ್ಲವೇ? ಖಂಡಿತ ಬದಲಾಗಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಒಳ್ಳೆಯ ಸೋಡಿಯಂ ದೀಪ ಒಂದು ಜೂಲ್ ವಿದ್ಯುತ್ತಿಗೆ 1.7 ಮೈಕ್ರೋಮೋಲ್ ಬೆಳಕು ಕೊಟ್ಟರೆ, ಒಳ್ಳೆಯ ಎಲ್‌ಇಡಿ 2.5ಕ್ಕಿಂತ ಹೆಚ್ಚು ಕೊಡುತ್ತದೆ. ಎಲ್‌ಇಡಿಯ ಕೆಳಗೆ ಎಲೆ ತಂಪಾಗಿರುವುದರಿಂದ ಕೋಣೆಯ ಗಾಳಿ ಒಂದೆರಡು ಡಿಗ್ರಿ ಹೆಚ್ಚು ಬೆಚ್ಚಗಿದ್ದರೂ ನಡೆಯುತ್ತದೆ. ಅಷ್ಟರ ಮಟ್ಟಿಗೆ ಎ.ಸಿ.ಯ ಶ್ರಮ ಉಳಿಯುತ್ತದೆ. ದೀಪಕ್ಕೆ ವಿದ್ಯುತ್ ಒದಗಿಸುವ ಡ್ರೈವರ್ ಪೆಟ್ಟಿಗೆಯನ್ನು ಕೋಣೆಯ ಹೊರಗಿಟ್ಟರೆ ಅದರ ಬಿಸಿ ಒಳಗೆ ಬಾರದು. ಹೊರಗೆ ತಂಪಿರುವ ರಾತ್ರಿಯ ಹೊತ್ತಿನಲ್ಲಿ ದೀಪ ಉರಿಸಿದರೂ ಲಾಭವಿದೆ.

ಆದರೆ ಉಳಿತಾಯವಾದ ವಿದ್ಯುತ್ ಎಲ್ಲಿಗೆ ಹೋಗುತ್ತದೆ ಎಂಬುದು ನೋಡತಕ್ಕ ವಿಷಯ. ದೀಪ ತಣ್ಣಗಿದೆಯೆಂದು ಅದನ್ನು ಗಿಡದ ಹತ್ತಿರಕ್ಕೆ ಇಳಿಸಿ, ಒಂದರ ಮೇಲೊಂದು ಅಂತಸ್ತು ಕಟ್ಟಿ, ಅದೇ ಕೋಣೆಯಲ್ಲಿ ಎರಡರಷ್ಟು ಗಿಡ ಬೆಳೆಯುವುದು ಸಾಧ್ಯವಾಯಿತು. ಉಗಿಯಂತ್ರ ಸುಧಾರಿಸಿದಾಗ ಕಲ್ಲಿದ್ದಲಿನ ಬಳಕೆ ಇಳಿಯುವ ಬದಲು ಏರುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವೊನ್ಸ್ 1865ರಲ್ಲಿಯೇ ಎಚ್ಚರಿಸಿದ್ದರು. ಯಂತ್ರದ ಜಾಣ್ಮೆಗೆ ಮನುಷ್ಯನ ಸಂಯಮ ಜೊತೆಯಾಗದಿದ್ದರೆ ಉಳಿಕೆ ಎಂಬುದು ಕಾಗದದ ಮೇಲೆ ಮಾತ್ರ. ಇದನ್ನರಿತೇ ಕೆಲವು ರಾಜ್ಯಗಳು ಕಟ್ಟಳೆ ಮಾಡಿದವು. ಮಸಾಚುಸೆಟ್ಸ್ ರಾಜ್ಯ ದೊಡ್ಡ ಬೆಳೆಗಾರರಿಗೆ ಚದರ ಅಡಿಗೆ 36 ವಾಟ್ ದೀಪದ ಮಿತಿ ಹಾಕಿತು. ದೊಡ್ಡ ಒಳಾಂಗಣ ಕೃಷಿಯ ಹೊಸ ದೀಪಗಳು ಜೂಲ್‌ಗೆ ಕನಿಷ್ಠ 1.9 ಮೈಕ್ರೋಮೋಲ್ ಕೊಡಲೇಬೇಕು ಎಂಬ ನಿಯಮವನ್ನು ಕ್ಯಾಲಿಫೋರ್ನಿಯಾ 2023ರಲ್ಲಿ ಜಾರಿಗೆ ತಂದಿತು. ಮೊದಲನೆಯದು ಬಳಕೆಗೆ ಹಾಕಿದ ಮಿತಿ, ಎರಡನೆಯದು ಯಂತ್ರದ ಗುಣಕ್ಕೆ ಹಾಕಿದ ಮಿತಿ. ಎರಡೂ ಬೇಕು, ಮೊದಲನೆಯದು ಹೆಚ್ಚು ಬೇಕು.

ಹಾಗೆಂದು ಬಿಸಿಲಿನಲ್ಲಿ ಬೆಳೆದದ್ದೆಲ್ಲ ನಿರ್ದೋಷಿ ಎಂದು ಹೇಳಿದರೆ ಅದು ನಮ್ಮ ಅರ್ಧಸತ್ಯವಾದೀತು. ಅದೇ ಗುಡ್ಡಗಳಲ್ಲಿ ಬಯಲ ಬೆಳೆಗಾಗಿ ಹಳ್ಳಗಳಿಗೆ ಪೈಪು ಹಾಕಿದವರಿದ್ದಾರೆ. ಮಳೆ ಕಡಿಮೆಯಾದ ವರ್ಷದ ಬೇಸಿಗೆಯಲ್ಲಿ ಕೆಲವು ಹಳ್ಳಗಳ ಇಡೀ ಹರಿವನ್ನೇ ಆ ಬೇಡಿಕೆ ಮೀರಬಲ್ಲದು ಎಂದು 2015ರ ಅಧ್ಯಯನವೊಂದು ತೋರಿಸಿತು. ಕದ್ದು ಬೆಳೆಯುವವರು ಕಾಡಿನಲ್ಲಿ ಇಟ್ಟ ಇಲಿಪಾಷಾಣದಿಂದ ಅಲ್ಲಿನ ಅಪರೂಪದ ಫಿಶರ್ ಎಂಬ ಪ್ರಾಣಿಗಳು ಸತ್ತಿವೆ. ಸೂರ್ಯ ಬಿಟ್ಟಿ ಸಿಕ್ಕರೂ ನೀರು ಬಿಟ್ಟಿಯಲ್ಲ, ಕಾಡು ಬಿಟ್ಟಿಯಲ್ಲ. ಬೆಳೆ ಯಾವುದೇ ಇರಲಿ, ಅದರ ಭಾರ ಯಾವ ಹಳ್ಳದ ಮೇಲೆ ಬೀಳುತ್ತದೆ ಎಂದು ಕೇಳುವುದು ನಮ್ಮ ಕರ್ತವ್ಯ.

ಸಾವಿರಾರು ಮೈಲಿ ದೂರದ ಈ ಸಂಗತಿ ನಮಗೇಕೆ ಎನ್ನುವವರಿಗೆ ಒಂದು ಮಾತು. ಕೋಣೆಯೊಳಗೆ ಕೇಸರಿ ಬೆಳೆಯಿರಿ, ಅಂತಸ್ತುಗಳಲ್ಲಿ ಸೊಪ್ಪು ಬೆಳೆಯಿರಿ ಎಂಬ ಕರೆಗಳು ನಮ್ಮ ಯುವಕರ ಕಿವಿಗೂ ಬೀಳುತ್ತಿವೆ. ಅವೆಲ್ಲ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಸಾಲ ಮಾಡುವ ಮುನ್ನ ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿರಿ. ದೀಪ ಎಷ್ಟು ವಾಟ್, ಎಷ್ಟು ಗಂಟೆ, ಅಷ್ಟೂ ಬಿಸಿಯನ್ನು ಹೊರಹಾಕಲು ಇನ್ನೆಷ್ಟು ವಾಟ್ ಎಂದು ಲೆಕ್ಕ ಹಾಕಿರಿ. ದೀಪ ಮಾರುವವನು ಮೊದಲನೆಯ ಅಂಕಿಯನ್ನು ಮಾತ್ರ ಹೇಳುತ್ತಾನೆ.

ಕೊನೆಯದಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿರಿ: ಈ ಕರೆಂಟು ಯಾವ ಕಣಿವೆಯಿಂದ ಬಂತು? 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಮನೆ, ಗದ್ದೆ, ದೇವರ ಬನಗಳನ್ನು ಬಿಟ್ಟು ಗಂಟುಮೂಟೆ ಕಟ್ಟಿದವರ ಮಕ್ಕಳು ಈ ಪತ್ರಿಕೆಯನ್ನು ಓದುತ್ತಿದ್ದಾರೆ. 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ಅದೇ ಕಣಿವೆಯ ಜನ ಮತ್ತೆ ದನಿಯೆತ್ತಬೇಕಾಯಿತು. ವಿದ್ಯುತ್ತಿನ ಬೇಡಿಕೆ ಏರುತ್ತಿದೆ ಎಂಬ ವಾದವನ್ನು ಪ್ರತಿ ಬಾರಿಯೂ ನಮ್ಮ ಮುಂದೆ ಇಡಲಾಗುತ್ತದೆ. ಆ ಬೇಡಿಕೆಯಲ್ಲಿ ಮಕ್ಕಳು ಓದುವ ದೀಪವೆಷ್ಟು, ಹಗಲಿನಲ್ಲಿ ಬಾಗಿಲು ಮುಚ್ಚಿ ಉರಿಸುವ ಸೂರ್ಯರೆಷ್ಟು ಎಂದು ಬಿಡಿಸಿ ಕೇಳುವ ಹಕ್ಕು ಮುಳುಗಿದ ಊರುಗಳವರಿಗೆ ಎಲ್ಲರಿಗಿಂತ ಹೆಚ್ಚಾಗಿ ಇದೆ. ಆರ್ಕೇಟಾದ ಜನ ಅದನ್ನು ಮೀಟರ್ ಓದಿ ಕೇಳಿದರು. ನಾವೂ ಓದಲು ಕಲಿಯೋಣ.